ದಾವಣಗೆರೆ–ಹರಿಹರ ಸೀಮೆಯಲ್ಲಿ ಸ್ತ್ರೀಪುರುಷರ ಅಧಿಕಾರಸ್ಪರ್ಧೆ

ದಾವಣಗೆರೆ–ಹರಿಹರ ಸೀಮೆಯಲ್ಲಿ ಸ್ತ್ರೀಪುರುಷರ ಅಧಿಕಾರಸ್ಪರ್ಧೆಯು ಆಸ್ತಿ, ಮತ, ಸಭಾಪೀಠಗಳ ಮೇಲಣ ಹಕ್ಕಿನ ಪ್ರಶ್ನೆಯಾಗಿ ಬೆಳೆದುಬಂದಿತು. 

ಎರಡೂ ಊರುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದುದು ಇಲ್ಲಿನ ಸ್ತ್ರೀಯರಿಗೆ ಅನುಕೂಲವೇ ಆಯಿತು. ಎಂಟು ತುಂಬದ ಹುಡುಗಿಯರ ವಿವಾಹವನ್ನೂ, ಐವತ್ತು ಮೀರಿದ ಪುರುಷನು ಹದಿನಾಲ್ಕು ತುಂಬದ ಬಾಲೆಯ ಕೈಹಿಡಿಯುವುದನ್ನೂ ನಿಷೇಧಿಸಿದ 1894ರ ಶಾಸನವು ಗಂಡಿನ ಸ್ವೇಚ್ಛೆಗೆ ಮೇರೆ ಹಾಕಿತು. ಹಿಂದೂ ಸ್ತ್ರೀಯರ ಆಸ್ತಿಹಕ್ಕನ್ನು ವಿಸ್ತರಿಸಿದ 1933ರ ಶಾಸನವು ಬ್ರಿಟಿಷ್ ಇಂಡಿಯಾದ ತತ್ಸಮಾನ ಕಾಯಿದೆಗಿಂತ ನಾಲ್ಕು ವರ್ಷ ಮೊದಲೇ ಬಂದಿತು. ಮದರಾಸಿಗೆ ಒಳಪಟ್ಟಿದ್ದ ನೆರೆಯ ಹರಪನಹಳ್ಳಿಗೆ ಈ ಭಾಗ್ಯವಿರಲಿಲ್ಲ. ಮುಂದೆ ಕರ್ನಾಟಕ ರಾಜ್ಯದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸರಿಸಮಾನ ಪಾಲು ದೊರೆತದ್ದು 1994ರಲ್ಲಿ. ಅದೂ ಅದಕ್ಕೆ ಮುನ್ನ ಮದುವೆಯಾದವರನ್ನು ಬಿಟ್ಟು.

ಸ್ಥಳೀಯ ಸಂಸ್ಥೆಗಳಲ್ಲಿ 1983ರ ಕಾಯಿದೆಯು ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1993ರಲ್ಲಿ ಅದು ಮೂರನೆಯ ಒಂದು ಪಾಲಾಗಿ, 2010ರಲ್ಲಿ ಅರ್ಧವಾಯಿತು. ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಪತಿಯು ಕುಳಿತು ಕಡತ ನೋಡುವ ಪದ್ಧತಿಯು ಶಾಸನದಷ್ಟು ಸುಲಭವಾಗಿ ತಿದ್ದುಪಡಿಯಾಗಲಿಲ್ಲ. ದಾವಣಗೆರೆಯ ವನಿತಾ ಸಮಾಜವನ್ನು ಕಟ್ಟಿ, ಶಾಸಕಿಯೂ ಸಚಿವೆಯೂ ಆದ ನಾಗಮ್ಮ ಕೇಶವಮೂರ್ತಿಯವರಂಥವರು ವಿರಳರು.

ಈ ಇತಿಹಾಸದ ಅತ್ಯಂತ ಕುತೂಹಲಕರವಾದ ಅಧ್ಯಾಯವೆಂದರೆ ದಾವಣಗೆರೆ ಕ್ಷೇತ್ರದ 2024ರ ಲೋಕಸಭಾ ಚುನಾವಣೆ. 1998, 1999ರಲ್ಲಿ ಶಾಮನೂರು ಶಿವಶಂಕರಪ್ಪ, ಜಿ. ಮಲ್ಲಿಕಾರ್ಜುನಪ್ಪ ಎಂಬ ಹಿರಿಯರೂ, 2004, 2009, 2014ರಲ್ಲಿ ಅವರ ಮಕ್ಕಳಾದ ಎಸ್.ಎಸ್. ಮಲ್ಲಿಕಾರ್ಜುನ, ಜಿ.ಎಂ. ಸಿದ್ದೇಶ್ವರರೂ ಸೆಣಸಿದ್ದ ಕಣಕ್ಕೆ ಆ ಸಲ ಇಳಿದವರು ಆ ಮನೆಗಳ ಸೊಸೆಯರಾದ ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಪ್ರತಿಸ್ಪರ್ಧಿಯಾದ ಗಾಯತ್ರಿಯವರು ಅಡುಗೆಮನೆಗಷ್ಟೇ ತಕ್ಕವರೆಂಬ ಅರ್ಥದ ಮಾತನ್ನು ಶಿವಶಂಕರಪ್ಪನವರು ಆಡಲು ವಿವಾದವೆದ್ದಿತು; ತಮ್ಮ ಪಕ್ಷದ ಅಭ್ಯರ್ಥಿಯೂ ತಮ್ಮ ಸೊಸೆಯೇ ಎಂಬುದು ಆ ಕ್ಷಣ ಅವರಿಗೆ ಮರೆತಿರಬೇಕು. ಪ್ರಭಾ ಅವರು 26,000ಕ್ಕೂ ಮಿಕ್ಕ ಮತಗಳಿಂದ ಗೆದ್ದು, 1977ರಲ್ಲಿ ರಚಿತವಾದ ಈ ಕ್ಷೇತ್ರದ ಪ್ರಥಮ ಮಹಿಳಾ ಸಂಸದರಾದರು. ಎರಡು ಮನೆತನಗಳ ಸ್ಪರ್ಧೆಯಾದರೋ ಹಾಗೆಯೇ ಉಳಿಯಿತು.