ಧಾತು-ಈಶ್ವರ ಬರ ಕಲಿಸಿದ ಪಾಠ

ಮೈಸೂರಿನ ಚಾಮರಾಜಪುರಂ ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರಿನತ್ತ ಹೊರಟಿದ್ದೀರಿ ಎನ್ನಿ. ಮೈಸೂರು ಜಂಕ್ಷನ್ ದಾಟಿದ ಮೇಲೆ ನೀವು ಸಾಗುವ ಮಾರ್ಗವು ಒಂದು ಬರಗಾಲದ ಕೂಸು ಎಂಬುದು ನಿಮಗೆ ಗೊತ್ತೆ? ಬರ ಪರಿಹಾರ ಕಾಮಗಾರಿಯಾಗಿ ಆರಂಭವಾದ ಈ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು.

ಆ ಬರ 1876-78ರದು. ಸಂವತ್ಸರಗಳ ಹೆಸರಿನಿಂದ ಜನ ಅದನ್ನು ಧಾತು-ಈಶ್ವರ ಬರ ಎಂದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ 41.9 ಲಕ್ಷ. ಹತ್ತು ವರ್ಷಗಳಲ್ಲಿ ಏರಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು!

ಮಳೆ ತಪ್ಪಿದರೆ ಇಷ್ಟೊಂದು ಸಾವೇಕೆ? ನಮ್ಮ ರೈತರು ರಾಗಿಯನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಒಂದು ವರ್ಷದ ಬರವನ್ನು ಹಗೇವು ತಡೆಯಬಲ್ಲದು. ಆದರೆ 1875ರಲ್ಲೇ ಮಳೆ ಕಡಿಮೆಯಾಗಿತ್ತು. 1876ರಲ್ಲಿ ಪೂರ್ತಿ ಕೈಕೊಟ್ಟಿತು. ಬೆಂಗಳೂರಿಗೆ ರೈಲು 1864ರಲ್ಲೇ ಬಂದಿತ್ತು. ಅಲ್ಲಿಂದ ಒಳನಾಡಿಗೆ ಧಾನ್ಯ ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಧಾನ್ಯ ಬಂದರೂ ಕೊಳ್ಳಲು ಕೂಲಿಯವರ ಕೈಯಲ್ಲಿ ಹಣವಿರಲಿಲ್ಲ. ಹೀಗೆ ಹವೆ ಆರಂಭಿಸಿದ್ದನ್ನು ಸಾಗಣೆ, ಬೆಲೆ ಮತ್ತು ಆಡಳಿತಗಳು ಪೂರ್ಣಗೊಳಿಸಿದವು.

ಈ ದುರಂತ ವಿಜ್ಞಾನವನ್ನೂ ಎಚ್ಚರಿಸಿತು. ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆಯೆಂದು ಬ್ಲ್ಯಾನ್‌ಫರ್ಡ್ 1884ರಲ್ಲಿ ಸೂಚಿಸಿದರು. 1904ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಮುಂದೆ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಒತ್ತಡ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿ 'ದಕ್ಷಿಣ ಆಂದೋಲನ' ಎಂದು ಹೆಸರಿಸಿದರು. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊದೊಂದಿಗೆ ಅದನ್ನು ಜೋಡಿಸಿದವರು ಬ್ಯರ್ಕ್ನೆಸ್, 1969ರಲ್ಲಿ. 1877-78ರಲ್ಲಿ ಅತಿ ಪ್ರಬಲವಾದ ಎಲ್ ನಿನೊ ಇತ್ತೆಂದು ಈಗ ತಿಳಿದಿದೆ. ಆದರೆ ಗಮನಿಸಿ: 1876ರಲ್ಲಿ ಅದಿನ್ನೂ ಬೆಳೆದಿರಲಿಲ್ಲ. ಆದ್ದರಿಂದ ಎಲ್ಲ ಬರಗಳಿಗೂ ಅದೊಂದನ್ನೇ ಹೊಣೆ ಮಾಡುವಂತಿಲ್ಲ.

2023ರಲ್ಲಿ ಮತ್ತೆ ಎಲ್ ನಿನೊ ಬಂತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ನೀರಾವರಿ, ದಾಸ್ತಾನು, ಪಡಿತರಗಳಿಂದಾಗಿ 1877 ಮರುಕಳಿಸಲಿಲ್ಲ. ಆದರೂ ಬೆಳೆ ಹೋದ ರೈತನ ಆದಾಯ ಹೋಯಿತು, ಸಾಲ ಉಳಿಯಿತು.

ಇಂದು ಇದಕ್ಕೆ ತಾಪದ ಏರಿಕೆಯೂ ಸೇರಿದೆ. ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಒಣ ದಿನಗಳಲ್ಲಿ ಅದು ಮಣ್ಣಿನ ತೇವವನ್ನು ಬೇಗ ಹೀರುತ್ತದೆ. ಸುರಿಯುವಾಗ ಒಮ್ಮೆಗೇ ಸುರಿಸುತ್ತದೆ. ವರ್ಷದ ಒಟ್ಟು ಮಳೆ ಸರಿಯಿದ್ದರೂ ತೆನೆ ಬಿಡುವ ಹೊತ್ತಿನಲ್ಲಿ ತೇವವಿಲ್ಲದಿದ್ದರೆ ಕಾಳು ಕಟ್ಟುವುದಿಲ್ಲ.

ಅಧ್ಯಾಪಕರಲ್ಲಿ ಒಂದು ವಿನಂತಿ. ನಿಮ್ಮ ಹೋಬಳಿಯ ದೈನಂದಿನ ಮಳೆಯ ಅಂಕಿಗಳನ್ನು ಸಂಗ್ರಹಿಸಿ. ಅವುಗಳ ನಕ್ಷೆ ಬರೆದು, ರಾಗಿ ಬಿತ್ತುವ ಹಾಗೂ ತೆನೆ ಬಿಡುವ ವಾರಗಳನ್ನು ಅದರ ಮೇಲೆ ಗುರುತಿಸಲು ವಿದ್ಯಾರ್ಥಿಗಳಿಗೆ ಹೇಳಿ. ವಾರ್ಷಿಕ ಸರಾಸರಿ ಮುಚ್ಚಿಡುವ ಸಂಗತಿಯನ್ನು ಆ ನಕ್ಷೆ ತೆರೆದು ತೋರಿಸುತ್ತದೆ.