ಲೈಂಗಿಕ ದೌರ್ಜನ್ಯ: ಶಿಕ್ಷೆಯಾಗುವವರೆಗೂ ಕಾಯಬೇಕಿಲ್ಲ, ಪರಿಹಾರ ಕೇಳುವ ದಾರಿಗಳಿವು

ಪ್ರಜ್ವಲ್ ರೇವಣ್ಣ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದಾಗ ಚರ್ಚೆಯೆಲ್ಲ ಜೈಲಿನ ಸುತ್ತಲೇ ನಡೆಯಿತು. ದಂಡದ ಮೊತ್ತದಲ್ಲಿ 11.25 ಲಕ್ಷ ರೂಪಾಯಿಯನ್ನು ಸಂತ್ರಸ್ತೆಗೆ ಕೊಡಬೇಕು ಎಂಬ ಆದೇಶವೂ ಅದರಲ್ಲಿತ್ತು. ಅದರ ಬಗ್ಗೆ ಮಾತಾಡಿದವರು ಕಡಿಮೆ. ನಮ್ಮಲ್ಲಿ ಇದು ಹೊಸದಲ್ಲ. ಅಪರಾಧಿಗೆ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ, ಕೆಲಸ ಬಿಟ್ಟು, ಊರು ಬಿಟ್ಟು, ಓದು ಬಿಟ್ಟು ಕೂತವಳ ಬದುಕು ಹೇಗೆ ನಡೀತಿದೆ ಅಂತ ಯಾರೂ ಕೇಳಲ್ಲ.

ಕಾನೂನು ನೆರವಿನ ಅರ್ಜಿ ಬರೆಯಲು ಕೂತಾಗಲೆಲ್ಲ ನಾನು ಎರಡು ಮಾತು ಕೇಳುತ್ತೇನೆ. 'ಕೇಸ್ ಗೆದ್ದ ಮೇಲೆ ತಾನೇ ದುಡ್ಡು?' ಅನ್ನೋದು ಒಂದು. 'ದುಡ್ಡು ತಗೊಂಡ್ರೆ ಜನ ಏನಂತಾರೆ?' ಅನ್ನೋದು ಇನ್ನೊಂದು. ಮೊದಲನೆಯದು ಕಾನೂನಿನ ಪ್ರಕಾರ ತಪ್ಪು. ಎರಡನೆಯದು ರಾಜಿ ಮತ್ತು ಪರಿಹಾರವನ್ನು ಒಂದೇ ಅಂದುಕೊಂಡಿದ್ದರಿಂದ ಬಂದದ್ದು. ಆರೋಪಿ ಕಡೆಯವರು ಮನೆ ಬಾಗಿಲಿಗೆ ತಂದುಕೊಡುವ ಹಣ ಬಾಯಿ ಮುಚ್ಚಿಸಲು. ಪರಿಹಾರ ಕಾನೂನು ಕೊಟ್ಟ ಹಕ್ಕು, ಅದನ್ನು ಪಡೆದರೂ ಕ್ರಿಮಿನಲ್ ಕೇಸ್ ತನ್ನ ಪಾಡಿಗೆ ನಡೆಯುತ್ತದೆ.

ಹಕ್ಕು ಬಂದದ್ದು ಹೇಗೆ?

ರಾಂಚಿಯಿಂದ ದೆಹಲಿಗೆ ಹೊರಟಿದ್ದ ಮನೆಗೆಲಸದ ಹೆಣ್ಣುಮಕ್ಕಳ ಮೇಲೆ ಮುರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಸೈನಿಕರು ನಡೆಸಿದ ದೌರ್ಜನ್ಯದ ಪ್ರಕರಣದಲ್ಲಿ, 1994ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಆರೋಪಿಗೆ ಶಿಕ್ಷೆಯಾಗಲಿ, ಆಗದಿರಲಿ, ಸಂತ್ರಸ್ತರಿಗೆ ಪರಿಹಾರ ಕೊಡುವ ವ್ಯವಸ್ಥೆ ಇರಬೇಕು ಎಂದಿತು. ಬೋಧಿಸತ್ವ ಗೌತಮ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೇಸ್ ಬಾಕಿ ಇರುವಾಗಲೇ ಯುವತಿಗೆ ತಿಂಗಳಿಗೆ 1,000 ರೂ. ಮಧ್ಯಂತರ ಪರಿಹಾರ ಕೊಡಿ ಎಂದು ಆರೋಪಿಗೇ ಆದೇಶಿಸಿತು.

2000ದಲ್ಲಿ ಬಂದ ಚಂದ್ರಿಮಾ ದಾಸ್ ತೀರ್ಪು ಇವೆರಡಕ್ಕಿಂತ ದೊಡ್ಡದು. ಹೌರಾ ನಿಲ್ದಾಣದ ರೈಲ್ವೆ ವಸತಿಗೃಹದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿತ್ತು, ಆರೋಪಿಗಳಲ್ಲಿ ರೈಲ್ವೆ ನೌಕರರಿದ್ದರು. 'ಆಕೆ ವಿದೇಶಿ, ನೌಕರರು ಮಾಡಿದ್ದಕ್ಕೆ ನಾವು ಹೊಣೆಯಲ್ಲ' ಎಂಬ ರೈಲ್ವೆಯ ವಾದವನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, 10 ಲಕ್ಷ ರೂ. ಪರಿಹಾರವನ್ನು ಎತ್ತಿಹಿಡಿಯಿತು. ಬದುಕುವ ಹಕ್ಕು ವಿದೇಶಿಯರಿಗೂ ಇದೆ, ನೌಕರನ ಕೃತ್ಯಕ್ಕೆ ಸಂಸ್ಥೆಯೂ ಉತ್ತರ ಕೊಡಬೇಕು ಎಂಬುದು ಅದರ ಸಾರ.

ಮೊದಲ ದಾರಿ: ಸಂತ್ರಸ್ತರ ಪರಿಹಾರ ಯೋಜನೆ

ಹೆಚ್ಚಿನವರಿಗೆ ಹತ್ತಿರದ ದಾರಿ ಇದೇ. ಹಳೆಯ ಸಿಆರ್‌ಪಿಸಿಯ 357ಎ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ. ಇಲ್ಲಿ ಹಣ ಕೊಡುವುದು ಸರ್ಕಾರ, ಎಷ್ಟು ಎಂದು ನಿರ್ಧರಿಸುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಆರೋಪಿ ಪತ್ತೆಯೇ ಆಗದಿದ್ದರೂ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೂ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು.

ಮೊತ್ತ ಎಷ್ಟು? ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, 2018ರಲ್ಲಿ ಯೋಜನೆಯೊಂದನ್ನು ರೂಪಿಸಿತು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ:

- ಅತ್ಯಾಚಾರ: 4ರಿಂದ 7 ಲಕ್ಷ ರೂ.
- ಸಾಮೂಹಿಕ ಅತ್ಯಾಚಾರ: 5ರಿಂದ 10 ಲಕ್ಷ ರೂ.
- ಅತ್ಯಾಚಾರದಿಂದ ಗರ್ಭ ಧರಿಸಿದ್ದರೆ: 3ರಿಂದ 4 ಲಕ್ಷ ರೂ.
- ಸಂತ್ರಸ್ತೆ ಅಪ್ರಾಪ್ತೆಯಾಗಿದ್ದರೆ ಮೊತ್ತ ಶೇ. 50ರಷ್ಟು ಹೆಚ್ಚು

ಅಂತಿಮ ಆದೇಶಕ್ಕೂ ಮೊದಲೇ ಮಧ್ಯಂತರ ಪರಿಹಾರ ಕೇಳಲು ಅವಕಾಶವಿದೆ. ಘಟನೆ ನಡೆದ ಅಥವಾ ವಿಚಾರಣೆ ಮುಗಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ಸರಿಯಾದ ಕಾರಣವಿದ್ದರೆ ತಡವಾದದ್ದನ್ನು ಮನ್ನಿಸಬಹುದು. ಹಣದ ದೊಡ್ಡ ಪಾಲು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇರುತ್ತದೆ ಅನ್ನೋದೂ ಗೊತ್ತಿರಲಿ. ಕೈಗೆ ತಕ್ಷಣ ಬರುವುದು ಸ್ವಲ್ಪವೇ.

ಕೋರ್ಟ್ ವಿಧಿಸಿದ ದಂಡದಿಂದ ಬರುವ ಪರಿಹಾರ ಬೇರೆ. ಅಪರಾಧಿಗೆ ಮೇಲ್ಮನವಿಯ ಅವಕಾಶ ಇರುವ ಪ್ರಕರಣಗಳಲ್ಲಿ, ಮೇಲ್ಮನವಿಯ ಗಡುವು ಮುಗಿಯುವವರೆಗೆ, ಸಲ್ಲಿಸಿದ್ದರೆ ಅದು ಇತ್ಯರ್ಥವಾಗುವವರೆಗೆ ಆ ಹಣ ಸಂತ್ರಸ್ತೆಯ ಕೈ ಸೇರುವುದಿಲ್ಲ. ಅದು ವರ್ಷಗಟ್ಟಲೆ ಎಳೆಯಬಹುದು. ಆದ್ದರಿಂದಲೇ 396ನೇ ಕಲಂ ಮುಖ್ಯ.

ಮಕ್ಕಳಾದರೆ

ಪೋಕ್ಸೋ ಪ್ರಕರಣಗಳಲ್ಲಿ 2020ರ ನಿಯಮಗಳು ಅನ್ವಯಿಸುತ್ತವೆ. ಇವು ಹುಡುಗರಿಗೂ ಅನ್ವಯ. ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು, ಅದಕ್ಕೆ ಯಾರೂ ಅರ್ಜಿ ಹಾಕಲೇಬೇಕು ಅಂತೇನಿಲ್ಲ. ಗಾಯ, ಚಿಕಿತ್ಸೆಯ ಖರ್ಚಿನ ಜೊತೆಗೆ ಶಾಲೆ ತಪ್ಪಿದ್ದು, ಮಗುವಿಗೂ ಆರೋಪಿಗೂ ಇದ್ದ ಸಂಬಂಧ, ಕೃತ್ಯ ಎಷ್ಟು ಕಾಲ ನಡೆಯಿತು ಎಂಬುದನ್ನೂ ಕೋರ್ಟ್ ಲೆಕ್ಕಕ್ಕೆ ತಗೊಳ್ಳಬೇಕು. ಆದೇಶವಾದ 30 ದಿನದೊಳಗೆ ರಾಜ್ಯ ಸರ್ಕಾರ ಹಣ ಕೊಡಬೇಕು. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲೇ ಹಣ ಸಿಗಬೇಕು.

ದಲಿತ, ಆದಿವಾಸಿ ಸಂತ್ರಸ್ತರಿಗೆ

ಪರಿಶಿಷ್ಟ ಜಾತಿ ಅಥವಾ ಪಂಗಡದವರ ಮೇಲೆ ಇತರರು ನಡೆಸಿದ ದೌರ್ಜನ್ಯವಾದರೆ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಡಿ ಪ್ರತ್ಯೇಕ ಪರಿಹಾರ ಇದೆ. 2016ರ ತಿದ್ದುಪಡಿಯಂತೆ ಅತ್ಯಾಚಾರಕ್ಕೆ 5 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 8.25 ಲಕ್ಷ ರೂ. ಅರ್ಧ ಹಣ ವೈದ್ಯಕೀಯ ವರದಿ ಬಂದ ನಂತರ, ಕಾಲು ಭಾಗ ಆರೋಪಪಟ್ಟಿ ಸಲ್ಲಿಕೆಯಾದಾಗ, ಉಳಿದದ್ದು ವಿಚಾರಣೆ ಮುಗಿದಾಗ. ಹಾಗಾಗಿ ಎಫ್‌ಐಆರ್‌ನಲ್ಲಿ ಈ ಕಾಯ್ದೆಯ ಕಲಂಗಳು ಸೇರಿವೆಯೇ ಅಂತ ಮೊದಲ ದಿನವೇ ನೋಡಿಕೊಳ್ಳಿ.

ಕೆಲಸದ ಜಾಗದಲ್ಲಾದರೆ

2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳ ಗಡುವಿದೆ, ಕಾರಣ ಕೊಟ್ಟರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಮನೆಗೆಲಸದವರಿಗೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಮಾನಸಿಕ ಯಾತನೆ, ತಪ್ಪಿದ ಬಡ್ತಿ ಅಥವಾ ಅವಕಾಶ, ಚಿಕಿತ್ಸೆಯ ಖರ್ಚು, ತಪ್ಪಿತಸ್ಥನ ಆದಾಯ, ಇವನ್ನೆಲ್ಲ ನೋಡಿ ಅವನ ಸಂಬಳದಿಂದಲೇ ಹಣ ಕಡಿತ ಮಾಡಿಸಲು ಸಮಿತಿ ಶಿಫಾರಸು ಮಾಡಬಹುದು.

ಯಾರೂ ತುಳಿಯದ ದಾರಿ: ಸಿವಿಲ್ ದಾವೆ

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿಯುತ್ತದೆ. ಸರ್ಕಾರ ಪರಿಹಾರ ಕೊಟ್ಟಾಗ ಅದು ತೆರಿಗೆದಾರರ ಹಣ. ದೂರು ಬಂದರೂ ಮುಚ್ಚಿಟ್ಟ ಹಾಸ್ಟೆಲ್, ಶಾಲೆ, ಕ್ರೀಡಾ ಸಂಸ್ಥೆ, ಮಠ, ಕಂಪನಿಗಳ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲ. ಅವರನ್ನು ನೇರವಾಗಿ ಹೊಣೆ ಮಾಡುವ ದಾರಿ ಸಿವಿಲ್ ಕೋರ್ಟಿನಲ್ಲಿ ನಷ್ಟಪರಿಹಾರದ ದಾವೆ. ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ವೈದ್ಯ ಲ್ಯಾರಿ ನಾಸರ್ ಜೈಲಿಗೆ ಹೋದದ್ದು ಒಂದು ಸುದ್ದಿ. ಅವನನ್ನು ಇಟ್ಟುಕೊಂಡಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2018ರಲ್ಲಿ ಸಂತ್ರಸ್ತರಿಗೆ 50 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಇನ್ನೊಂದು. ಇನ್ನು ಮುಂದೆ ದೂರನ್ನು ಮುಚ್ಚಿಡಲು ಬೇರೆ ಸಂಸ್ಥೆಗಳೂ ಹೆದರುವಂತೆ ಮಾಡಿದ್ದು ಈ ಎರಡನೆಯದೇ ಅಂತ ನನ್ನ ಅನಿಸಿಕೆ.

ನಮ್ಮ ಕಾನೂನು ಇದನ್ನು ತಡೆದಿಲ್ಲ. ಸುರಕ್ಷಾ ಸಂಹಿತೆಯ 395ನೇ ಕಲಮೇ, ಮುಂದೆ ಸಿವಿಲ್ ದಾವೆ ಹೂಡಿದರೆ ಕ್ರಿಮಿನಲ್ ಕೋರ್ಟ್ ಕೊಡಿಸಿದ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತದೆ. ಅಂದರೆ ದಾವೆಯ ಬಾಗಿಲು ತೆರೆದೇ ಇದೆ. ಸಾಕ್ಷ್ಯದ ಮಟ್ಟವೂ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಇಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಎಂಬುದು ಸಾಕು.

ಅಡ್ಡಿಗಳು ಎರಡು. ಒಂದು, ಕೇಳುವ ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು. ಕಟ್ಟಲು ಆಗದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕರೆಂದು ಅನುಮತಿ ಕೇಳಬಹುದು. ಎರಡನೆಯದು ಕಾಲಮಿತಿ. ಬೇರೆ ಗಡುವು ಹೇಳಿಲ್ಲದ ದಾವೆಗಳಿಗೆ ಇರುವುದು ಮೂರೇ ವರ್ಷ. ಮಗುವಾಗಿದ್ದಾಗ ನೊಂದವರಿಗೆ 18 ತುಂಬಿದ ಮೇಲೆ ಆ ಮೂರು ವರ್ಷ ಸಿಗುತ್ತದೆ, ಅಂದರೆ 21ಕ್ಕೆ ಬಾಗಿಲು ಮುಚ್ಚಿತು. ಬಾಲ್ಯದ ದೌರ್ಜನ್ಯವನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಎಷ್ಟೋ ಜನರಿಗೆ ಮೂವತ್ತು, ನಲವತ್ತು ದಾಟಿರುತ್ತದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಕಾನೂನು ಬದಲಿಸಿ, ಗಡುವು ಮೀರಿದವರಿಗೂ ದಾವೆ ಹೂಡಲು ಅವಕಾಶ ಕೊಟ್ಟಿತು. ಇಲ್ಲಿ ಅಂಥ ಬೇಡಿಕೆಯನ್ನು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಾನು ಕಂಡಿಲ್ಲ.

ಈಗ ಏನು ಮಾಡಬಹುದು?

- ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100.
- ಎಫ್‌ಐಆರ್ ಪ್ರತಿ, ವೈದ್ಯಕೀಯ ವರದಿ, ಬ್ಯಾಂಕ್ ವಿವರ ಇಟ್ಟುಕೊಳ್ಳಿ. ಔಷಧಿ, ಬಸ್ ಚಾರ್ಜಿನ ರಸೀದಿ, ರಜೆ ಹಾಕಿದ ದಿನಗಳ ಲೆಕ್ಕವನ್ನೂ ಎತ್ತಿಡಿ.
- ಆಸ್ಪತ್ರೆ ಸರ್ಕಾರಿಯಾಗಲಿ, ಖಾಸಗಿಯಾಗಲಿ, ಅತ್ಯಾಚಾರ ಸಂತ್ರಸ್ತರಿಗೆ ತಕ್ಷಣದ ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು.
- ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಅಪರಾಧ. 'ನ್ಯಾಯ ಕೊಡಿ' ಅಂತ ಫೋಟೊ ಹಂಚುವ ಗೆಳೆಯರಿಗೂ ಇದನ್ನು ಹೇಳಿ.

ಕ್ಯಾಂಪಸ್‌ನಲ್ಲಿ, ಬೀದಿಯಲ್ಲಿ ಗಲ್ಲು ಶಿಕ್ಷೆಗೆ ಕೂಗುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಪರಿಹಾರ ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟರ ಹಣ ಕೈಸೇರಿತು ಅಂತ ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ಉತ್ತರ ಬಂದ ಮೇಲೆ ಯಾವುದಕ್ಕೆ ಕೂಗಬೇಕು ಅಂತ ನಿಮಗೇ ಗೊತ್ತಾಗುತ್ತದೆ.