ಹರಿಗೋಲಿನ ಜೀರ್ಣೋದ್ಧಾರ

ಕನ್ನಡನಾಡಿನ ಶಾಸನಗಳನ್ನು ಓದಿ ಬಲ್ಲವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯದ ಗೋಡೆ ಬಿರಿದರೆ, ಶಿಖರದ ಕಲ್ಲು ಸಡಿಲಿದರೆ, ಅದನ್ನು ಮರಳಿ ಸರಿಪಡಿಸುವುದಕ್ಕೆಂದು ಅರಸರೂ ಸಾಮಂತರೂ ವರ್ತಕರೂ ಭೂಮಿಯನ್ನು ಬಿಟ್ಟುಕೊಟ್ಟು, ಆ ದತ್ತಿಯನ್ನು ಕಲ್ಲಿನಲ್ಲಿ ಬರೆಯಿಸಿರುವರು. ಕೆರೆಯ ಏರಿಯ ರಕ್ಷಣೆಗೂ ಇಂತಹ ದತ್ತಿಗಳಿದ್ದುವು. ಹೊಸದನ್ನು ಕಟ್ಟಿಸುವುದರಿಂದ ಬರುವ ಪುಣ್ಯಕ್ಕೆ ಕಟ್ಟಿದುದನ್ನು ಕಾಪಾಡುವುದರಿಂದ ಬರುವ ಪುಣ್ಯವು ಕಡಿಮೆಯದಲ್ಲವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ತಿಳಿದಿದ್ದರು. ಆದರೆ ವರ್ಷವರ್ಷವೂ ಮುರಿದು, ಹರಿದು, ವರ್ಷವರ್ಷವೂ ಜೀರ್ಣೋದ್ಧಾರವನ್ನು ಪಡೆಯುತ್ತ, ಶತಮಾನಗಳವರೆಗೆ ಜನರನ್ನು ಹೊಳೆ ದಾಟಿಸಿದ ಒಂದು ವಸ್ತುವಿನ ಸುದ್ದಿಯು ಇತಿಹಾಸದ ಗ್ರಂಥಗಳಲ್ಲಿ ಅತ್ಯಲ್ಪವಾಗಿರುವುದು. ಆ ವಸ್ತುವು ತುಂಗಭದ್ರೆಯ ಹರಿಗೋಲು.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿಗೆ ಸೇರಿದ ದಢೇಸುಗೂರು ಈ ನದಿಯ ಎಡದಂಡೆಯ ಗ್ರಾಮ. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯು ಇಲ್ಲಿ ಸೇತುವೆಯ ಮೇಲೆ ಹೊಳೆಯನ್ನು ದಾಟುವುದು. ಮೋಟಾರು ಬಂಡಿಯಲ್ಲಿ ಕುಳಿತವನಿಗೆ ಒಂದು ಮಾತು ಮುಗಿಯುವುದರೊಳಗಾಗಿ ಆಚೆಯ ದಡವು ಬಂದುಬಿಡುವುದು. ಆ ಎರಡು ದಡಗಳೂ ಬಹುಕಾಲ ಎರಡು ರಾಜ್ಯಗಳಾಗಿದ್ದುವೆಂಬುದು ಅವನಿಗೆ ಹೊಳೆಯಲಾರದು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಬಲದಂಡೆಯು ಮದರಾಸಿನ ಆಡಳಿತಕ್ಕೂ ಎಡದಂಡೆಯು ಹೈದರಾಬಾದಿನ ಆಡಳಿತಕ್ಕೂ ಸೇರಿದುವು. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. 1956ನೆಯ ನವೆಂಬರ್ 1ರಂದು ರಾಯಚೂರೂ ಬಂದು ಕೂಡಿಕೊಂಡ ಮೇಲೆಯೇ ಎರಡು ದಡಗಳೂ ಒಂದೇ ರಾಜ್ಯಕ್ಕೆ ಒಳಪಟ್ಟುವು. ಈ 156 ವರ್ಷಗಳ ಬಹುಭಾಗದಲ್ಲಿ ಈಚೆಗೆ ನಿಜಾಮನ ಹಾಲಿ ಸಿಕ್ಕಾ, ಆಚೆಗೆ ಇಂಗ್ಲಿಷರ ರೂಪಾಯಿ. ಆದರೂ ಎರಡು ದಡಗಳಲ್ಲಿಯೂ ಆಡುವ ಮಾತು ಒಂದೇ ಕನ್ನಡ. ಕೊಟ್ಟು ತಂದ ಸಂಬಂಧಗಳೂ ಸಂತೆ ಜಾತ್ರೆಗಳೂ ಎರಡಕ್ಕೂ ಹೊಂದಿಕೊಂಡಿದ್ದುವು. ಸೇತುವೆಗಳಿಲ್ಲದ ಆ ದಿನಗಳಲ್ಲಿ, ಹೊಳೆಯು ತುಂಬಿದಾಗ, ತುಂಗಭದ್ರೆಯ ಎರಡು ದಡಗಳಿಗೂ ಹರಿಗೋಲೇ ಸೇತುವೆಯಾಗಿತ್ತು.

ಗ್ರಾಂಥಿಕವಾಗಿ ‘ಹರಿಗೋಲು’ ಎಂಬುದನ್ನು ಈ ಸೀಮೆಯ ಜನರು ‘ಅರಿಗೋಲು’ ಎನ್ನುವರು. ‘ಪುಟ್ಟಿ’, ‘ತೆಪ್ಪ’ ಎಂಬ ಹೆಸರುಗಳೂ ರೂಢಿಯಲ್ಲಿವೆ. ಸಂಸ್ಕೃತವನ್ನು ಬಲ್ಲ ವಾಚಕರು ಇಲ್ಲಿ ಒಂದು ವಿಷಯವನ್ನು ನೆನೆಯಬಹುದು. ಕಾಳಿದಾಸನು ರಘುವಂಶದ ಪ್ರಾರಂಭದಲ್ಲಿ ತನ್ನ ಅಲ್ಪಮತಿಯನ್ನು ‘ಉಡುಪ’ಕ್ಕೆ ಹೋಲಿಸಿ, ಅದರಿಂದ ಸಮುದ್ರವನ್ನು ದಾಟಲೆಳಸಿದವನಂತೆ ತಾನಿರುವೆನೆಂದು ವಿನಯವನ್ನು ತೋರಿಸಿರುವನು. ವ್ಯಾಖ್ಯಾನಕಾರನಾದ ಮಲ್ಲಿನಾಥನು ಈ ಪದಕ್ಕೆ ಅಮರಕೋಶವನ್ನನುಸರಿಸಿ ತೆಪ್ಪವೆಂಬ ಅರ್ಥವನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ, ಚರ್ಮದಿಂದ ಬಿಗಿದ ಪಾತ್ರವೆಂಬ ಇನ್ನೊಂದು ಅರ್ಥವನ್ನೂ ಬೇರೊಬ್ಬ ಕೋಶಕಾರನ ಆಧಾರದಿಂದ ಕೊಟ್ಟಿರುವನು. ಮಲ್ಲಿನಾಥನು ತೆಲಂಗಾಣದ ಕೋಲಾಚಲ ಮನೆತನದವನು. ಕೃಷ್ಣಾ ಗೋದಾವರಿಗಳ ನಾಡಿನವನು. ಚರ್ಮದ ಹೊದಿಕೆಯ ಈ ದೋಣಿಯು ಅವನಿಗೆ ಕೋಶದಲ್ಲಿ ಮಾತ್ರವಲ್ಲದೆ ಕಣ್ಣೆದುರಿಗೂ ಇದ್ದಿರಬಹುದೆಂದು ಊಹಿಸಿದರೆ ಅಸಂಗತವಾಗಲಾರದು.

ಸಾಕ್ಷಾತ್ತಾಗಿ ಕಂಡು ಬರೆದವರಲ್ಲಿ ಪೋರ್ತುಗೀಸ್ ದೇಶದ ಡೊಮಿಂಗೋ ಪಾಯೆಸನು ಮುಖ್ಯನು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಇವನು ಆನೆಗೊಂದಿಗೆ ಹೋಗುವ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆಯನ್ನು ದಾಟುವರೆಂದು ಬರೆದಿರುವನು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಅವು ಹೊರುವುವು, ಅವಶ್ಯವಾದರೆ ಕುದುರೆ ಎತ್ತುಗಳನ್ನೂ ಸಾಗಿಸುವುವು. ನೆಟ್ಟಗೆ ಹೋಗಲಾರದೆ ಯಾವಾಗಲೂ ಸುತ್ತುತ್ತಲೇ ಇರುವುವು. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಗಳೇ ಇಲ್ಲ. ಇದು ಅವನ ಹೇಳಿಕೆಯ ಸಾರಾಂಶ. ರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದ ರಾಜಧಾನಿಯ ಬಾಗಿಲಲ್ಲಿಯೇ ಜನರು ಬುಟ್ಟಿಯಲ್ಲಿ ಕುಳಿತು ಹೊಳೆ ದಾಟುತ್ತಿದ್ದರೆಂಬುದು ಪರದೇಶದವನಿಗೆ ವಿಚಿತ್ರವಾಗಿ ತೋರಿರಬೇಕು.

ವಿಚಾರಮಾಡಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ತುಂಗಭದ್ರೆಯ ಪಾತ್ರವು ಬಂಡೆಗಳಿಂದ ತುಂಬಿದುದು. ಹಲಗೆಯ ದೋಣಿಯು ಬಂಡೆಗೆ ಬಡಿದರೆ ಬಿರಿಯುವುದು. ಬಿದಿರಿನ ಬುಟ್ಟಿಯು ಬಡಿದಲ್ಲಿ ಬಾಗಿ ಮರಳಿ ನೆಟ್ಟಗಾಗುವುದು. ಹತ್ತಡಿ ಅಡ್ಡಗಲದ ಹರಿಗೋಲಿನ ತಳವು ಸಮವಾಗಿದ್ದಲ್ಲಿ, ಅದು ನೀರಿನಲ್ಲಿ ಒಂದು ಅಂಗುಲ ಇಳಿಯುವುದಕ್ಕೆ ಸುಮಾರು 400 ರಾತಲು ಭಾರ ಬೇಕಾಗುವುದೆಂದು ಲೆಕ್ಕದಿಂದ ತಿಳಿಯಬಹುದು. ಆಳಿಗೆ 130 ರಾತಲಿನಂತೆ ಇಪ್ಪತ್ತು ಜನರು ಕುಳಿತರೂ ಅದು ಇಳಿಯುವುದು ಏಳು ಅಂಗುಲಕ್ಕೆ ಒಳಗೆ. ತಳವು ತಟ್ಟೆಯಂತೆ ಬಾಗಿದ್ದರೆ ಇನ್ನು ಸ್ವಲ್ಪ ಹೆಚ್ಚು ಇಳಿದೀತು, ಅಷ್ಟೇ. ಆದುದರಿಂದ ನೀರು ತೆಳುವಾಗಿರುವ ಕಡೆಯಲ್ಲಿಯೂ ಇದು ತೇಲುವುದು. ಬರಿದಾದಾಗ ಸಣ್ಣದನ್ನು ಒಬ್ಬನೇ ಬೆನ್ನಮೇಲೆ ಹೊತ್ತು ದಡದುದ್ದಕ್ಕೂ ನಡೆಯಬಹುದು. ಸುತ್ತುವುದೊಂದೇ ಇದರ ದೋಷ. ಆ ದೋಷವನ್ನು ಹುಟ್ಟುಹಾಕುವವನ ಕೈಯ ಚಳಕವು ನೀಗಿಸುವುದು.

ಹರಿಗೋಲನ್ನು ಕಟ್ಟುವ ಕೆಲಸದಲ್ಲಿ ಮೂವರ ಕೈಗಳು ಕೂಡಬೇಕಾಗಿತ್ತು. ಮೊದಲನೆಯವನು ಮೇದಾರ. ಎಳೆಯ ಬಿದಿರಿನಲ್ಲಿ ಹಿಟ್ಟಿನ ಅಂಶವು ಹೆಚ್ಚಾಗಿರುವುದರಿಂದ ಹುಳುವು ಬೇಗ ಹಿಡಿಯುವುದು. ಆದಕಾರಣ ಬಲಿತ ಬಿದಿರನ್ನೇ ಆರಿಸಿ ಸೀಳಿ, ಆ ದಬ್ಬೆಗಳನ್ನು ನಡುವಿನಿಂದ ಅಂಚಿನವರೆಗೆ ಹೆಣೆದು, ತಳವನ್ನು ಇಮ್ಮಡಿಯಾಗಿ ಬಲಪಡಿಸಿ, ಅಂಚಿಗೆ ದಪ್ಪನಾದ ಬಳೆಯನ್ನು ಬಿಗಿಯಬೇಕು. ಎರಡನೆಯವನು ಚರ್ಮದ ಕೆಲಸದವನು. ಹದಮಾಡಿದ ತೊಗಲುಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದು, ಬುಟ್ಟಿಯ ಹೊರಮೈಗೆ ಹೊದಿಸಿ, ಅಂಚಿಗೆ ಬಾರುಗಳಿಂದ ಬಿಗಿಯುವುದು ಅವನ ಪಾಲಿನ ಕೆಲಸ. ಮೂರನೆಯವನು ಅಂಬಿಗ. ದೋಣಿಯನ್ನು ನಡೆಯಿಸುವುದರೊಂದಿಗೆ ದಿನದಿನವೂ ಅದರ ಆರೋಗ್ಯವನ್ನು ನೋಡಿಕೊಳ್ಳುವ ಭಾರವು ಅವನ ಮೇಲಿದ್ದಿತು.

ಈ ಆರೋಗ್ಯರಕ್ಷಣೆಯೇ ಇಲ್ಲಿ ಮುಖ್ಯವಾದ ವಿಷಯ. ನೀರಿನಲ್ಲಿಯೇ ಬಿಟ್ಟ ಚರ್ಮವು ನೆನೆದು ಕೊಳೆಯುವುದು. ಬಿಸಿಲಿನಲ್ಲಿಯೇ ಬಿಟ್ಟ ಚರ್ಮವು ಒಣಗಿ ಸುಕ್ಕಿ ಬಿರಿಯುವುದು. ಆದಕಾರಣ ಕೆಲಸ ಮುಗಿದ ಕೂಡಲೇ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ನೀರು ಸೋರಿಸಬೇಕು; ಒಣಗಿಸಬೇಕು, ಆದರೆ ಅತಿಯಾಗಿ ಒಣಗಗೊಡದೆ ಜಿಡ್ಡು ಸವರಿ ಮೆತ್ತಗಿಡಬೇಕು. ಹೊಲಿಗೆಯು ಬಿಟ್ಟಿದೆಯೇ ಎಂಬುದನ್ನು ಬೆರಳಿನಿಂದ ತಡವಿ ನೋಡಬೇಕು. ಬಂಡೆಗೆ ತಾಗಿ ತೂತಾದಲ್ಲಿ ತೊಗಲಿನ ತುಂಡನ್ನು ತೇಪೆಹಾಕಿ ಹೊಲಿಯಬೇಕು. ದಬ್ಬೆಯು ಮುರಿದರೆ ಹಳೆಯದನ್ನು ಕೀಳದೆ, ಅದರ ಮಗ್ಗುಲಿಗೆ ಹೊಸದನ್ನು ಹೆಣಿಗೆಯೊಳಗೆ ಸೇರಿಸಬೇಕು. ಕೀಳಹೋದರೆ ಸುತ್ತಲಿನ ಹೆಣಿಗೆಯೇ ಸಡಿಲುವುದು. ಹೊದಿಕೆಯೂ ಬುಟ್ಟಿಯೂ ಒಂದೇ ಕಾಲಕ್ಕೆ ಮುದಿಯಾಗುವುದಿಲ್ಲ. ಹೊದಿಕೆ ಹೋದರೆ ಬುಟ್ಟಿಗೆ ಹೊಸ ಹೊದಿಕೆ, ಬುಟ್ಟಿ ಹೋದರೆ ಉಳಿದ ಗಟ್ಟಿ ತೊಗಲು ಹೊಸ ಬುಟ್ಟಿಯ ತೇಪೆಗೆ. ಕ್ಷಣಕ್ಷಣಕ್ಕೂ ಬೇರೆಯಾಗುತ್ತಿರುವ ದೀಪದ ಜ್ವಾಲೆಯನ್ನು ನಾವು ಅದೇ ದೀಪವೆನ್ನುವಂತೆ, ಭಾಗಭಾಗವಾಗಿ ಬದಲಾದ ಹರಿಗೋಲನ್ನೂ ಜನರು ಅದೇ ಹರಿಗೋಲೆನ್ನುವರು.

ಇಂತಹ ದುಂಡು ದೋಣಿಗಳು ಅನ್ಯದೇಶಗಳಲ್ಲಿಯೂ ಇದ್ದುವು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು, ಬಾಬಿಲೋನಿಗೆ ಸರಕನ್ನು ತರುವ ಚರ್ಮದ ದೋಣಿಗಳು ಗುರಾಣಿಯಂತೆ ದುಂಡಗಿದ್ದುವೆಂದೂ, ಪ್ರವಾಹದ ಎದುರಿಗೆ ಮರಳಿ ಹೋಗಲಾರದ ಕಾರಣ ವರ್ತಕರು ಊರು ಸೇರಿದೊಡನೆ ಅವುಗಳ ಕಟ್ಟನ್ನು ಬಿಚ್ಚಿ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಹಿಂದಿರುಗುವರೆಂದೂ ಬರೆದಿರುವನು. ಅದು ಹೊಳೆಯುದ್ದಕ್ಕೂ ಸಾಗಿ ಒಂದೇ ಪ್ರಯಾಣದಲ್ಲಿ ಮುಗಿಯುವ ದೋಣಿ. ತುಂಗಭದ್ರೆಯದು ದಿನವೂ ದಡದಿಂದ ದಡಕ್ಕೆ ಅಡ್ಡಲಾಗಿ ಹೋಗಿಬರುವ ದೋಣಿ. ಅದನ್ನು ಬಿಚ್ಚಿ ಮಾರುವ ಮಾತಿಲ್ಲ. ತೇಪೆಹಾಕಿ ಉಳಿಸಿಕೊಳ್ಳುವುದೊಂದೇ ಉಪಾಯ. ನಮ್ಮ ನಾಡಿನ ಹರಿಗೋಲುಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ ಬರೆದವನು, ಮದರಾಸಿನ ಮೀನುಗಾರಿಕೆಯ ಇಲಾಖೆಗೆ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್. ಅವನ ಲೇಖನವು 1933ರಲ್ಲಿ ಪ್ರಕಟವಾಯಿತು.

ಅರಸರಿಗೂ ಸೇನಾಪತಿಗಳಿಗೂ ಹರಿಗೋಲಿನ ನೆನಪು ಬರುತ್ತಿದ್ದುದು ಯುದ್ಧಕಾಲದಲ್ಲಿ. 1803ರಲ್ಲಿ ಮರಾಠರ ಮೇಲಣ ದಂಡಯಾತ್ರೆಯಲ್ಲಿ ಆರ್ಥರ್ ವೆಲ್ಲೆಸ್ಲಿಯು, ಮಳೆಗಾಲದಲ್ಲಿ ಉಕ್ಕುವ ಕೃಷ್ಣಾ ಮೊದಲಾದ ಹೊಳೆಗಳನ್ನು ದಾಟುವುದಕ್ಕಾಗಿ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮುಂದಾಗಿ ಸಿದ್ಧಪಡಿಸಲು ಆಜ್ಞಾಪಿಸಿದನು. ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಪ್ರಭುವು ಈತನೇ. ಅವನ ಪತ್ರಗಳು ಉಳಿದಿವೆ. ಆ ದೋಣಿಗಳನ್ನು ಹೆಣೆದ, ಹೊಲಿದ ಕೈಗಳ ಹೆಸರುಗಳು ಉಳಿದಿಲ್ಲ.

ಇದಕ್ಕೆ ಕಾರಣವೊಂದುಂಟು, ಅದನ್ನು ಮುಚ್ಚಿಟ್ಟು ಹರಿಗೋಲಿನ ಇತಿಹಾಸವನ್ನು ಬರೆಯುವುದು ನ್ಯಾಯವಾಗದು. ಬೇರೆ ದೋಣಿಗಳೇ ಇಲ್ಲದ ಹೊಳೆಗಳಲ್ಲಿ, ಚರ್ಮವನ್ನು ಮೈಲಿಗೆಯೆಂದೆಣಿಸಿ ದೂರವಿಟ್ಟ ಮನೆಗಳವರೂ ತೊಗಲಿನ ದೋಣಿಯಲ್ಲಿ ಕುಳಿತೇ ದಾಟಬೇಕಾಗಿತ್ತು. ನೀರಿಗೂ ಅವರ ಪ್ರಾಣಕ್ಕೂ ನಡುವೆ ಇದ್ದುದು ಆ ಒಂದು ತೊಗಲು, ಆ ಒಂದು ಹೊಲಿಗೆ. ಅದನ್ನು ಹೊಲಿದವನಿಗಾದರೋ ಊರೊಳಗೆ ಮನೆಯಿರಲಿಲ್ಲ, ಊರ ಬಾವಿಯಲ್ಲಿ ನೀರಿರಲಿಲ್ಲ. ಪ್ರಾಣವನ್ನು ಒಪ್ಪಿಸಬಹುದಾದ ಕೈಯನ್ನು ಮುಟ್ಟಬಾರದೆಂಬ ಈ ಪದ್ಧತಿಗೆ ಯಾವ ತರ್ಕದ ಆಧಾರವೂ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ಕಂಡುಕೊಂಡವರಿದ್ದರು. ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಎಂಬ ಮೂವರೂ ಶರಣರ ಸಾಲಿನಲ್ಲಿ ಸಮಾನರಾಗಿ ಎಣಿಸಲ್ಪಟ್ಟರು. ಹರಿಗೋಲಿಗೆ ಬೇಕಾದ ಮೂರು ಕಸಬುಗಳೂ ಆ ಸಾಲಿನಲ್ಲಿವೆ. ಚೌಡಯ್ಯನು ತನ್ನ ಕಸಬನ್ನು ಕೂಡಿಸಿದ ಹೆಸರನ್ನೇ ವಚನಗಳಿಗೆ ಅಂಕಿತವಾಗಿರಿಸಿದನು. ಹರಳಯ್ಯನ ಮಗನಿಗೂ ಬ್ರಾಹ್ಮಣನಾದ ಮಧುವರಸನ ಮಗಳಿಗೂ ವಿವಾಹವಾದುದಕ್ಕಾಗಿ ಆ ಇಬ್ಬರು ತಂದೆಯರೂ ಬಿಜ್ಜಳನಿಂದ ಮರಣದಂಡನೆಯನ್ನು ಅನುಭವಿಸಿದರೆಂದು ಶರಣಸಂಪ್ರದಾಯವು ಹೇಳುವುದು. ಅಸ್ಪೃಶ್ಯತೆಯನ್ನು ಶಾಸನವು ತೊಡೆದುಹಾಕಿದುದು 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 17ನೆಯ ವಿಧಿಯಿಂದ.

ಆ ವೇಳೆಗೆ ಹೊಳೆಯ ಸ್ವರೂಪವೇ ಬದಲಾಗತೊಡಗಿತ್ತು. 1945ರಲ್ಲಿ ಅಡಿಗಲ್ಲನ್ನು ಹಾಕಿದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆಯಿಂದ ಸಿಂಧನೂರು ಸೀಮೆಯು ಬತ್ತದ ನಾಡಾಯಿತು. ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವು ನೆಲೆಗೊಂಡಿತು. ಸೇತುವೆಗಳಾದಲ್ಲಿ ಕಡವಿನ ಹರಿಗೋಲು ಮರೆಯಾಗಿ ಮೀನು ಹಿಡಿಯುವವರ ಸಣ್ಣ ಹರಿಗೋಲು ಮಾತ್ರ ಉಳಿಯಿತು. ತೊಗಲಿನ ಸ್ಥಾನಕ್ಕೆ ಗೋಣಿಯೂ ಡಾಂಬರೂ ಪ್ಲಾಸ್ಟಿಕ್ ಹಾಳೆಯೂ ಬಂದುವು. ಈಗ ಬಿರುಕು ಬಿಟ್ಟರೆ ಡಾಂಬರನ್ನು ಕಾಯಿಸಿ ಬಳಿದರಾಯಿತು. ಹೊಲಿಗೆಯವನ ವಿದ್ಯೆಯು ಹರಿಗೋಲಿನಿಂದ ಕಳಚಿಹೋಗಿದೆ.

ಹಾಗೆಂದು ಹರಿಗೋಲಿನ ಕಾಲವು ಮುಗಿಯಿತೆಂದು ತಿಳಿಯಲಾಗದು. ಆನೆಗೊಂದಿಯ ಬಳಿ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದುಬಿದ್ದಾಗ, ಜನರು ಪಾಯೆಸನು ಕಂಡ ಸ್ಥಳದ ಆಸುಪಾಸಿನಲ್ಲಿಯೇ ಮತ್ತೆ ಹರಿಗೋಲನ್ನು ಆಶ್ರಯಿಸಿಕೊಂಡಿದ್ದರು. ಇದೇ ಜಿಲ್ಲೆಯ ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕಲಾ, ಕುರ್ವಕುರ್ದಾ ಗ್ರಾಮಗಳವರ ಸಂಚಾರವೂ ತೆಪ್ಪಗಳನ್ನೇ ನಂಬಿಕೊಂಡು ನಡೆದುಬಂದುದು. 2020ರ ಆಗಸ್ಟಿನ ಪ್ರವಾಹದಲ್ಲಿ ಆ ಭಾಗದಲ್ಲಿ ತೆಪ್ಪವೊಂದು ಮಗುಚಿ ಜನರು ನೀರುಪಾಲಾದರು. ಬಡವರ ದೋಣಿಯೆಂದು ಹರಿಗೋಲಿನ ಕಡೆಗೆ ಕಣ್ಣು ಹಾಯಿಸದಿದ್ದರೆ ತೆರಬೇಕಾದುದು ಇಂತಹ ಬೆಲೆ. ಕಲ್ಲು ಕಬ್ಬಿಣಗಳ ಕಟ್ಟಡಕ್ಕೂ ಈ ನಿಯಮವು ತಪ್ಪಿದುದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದುದನ್ನು ದಢೇಸುಗೂರಿನಂತಹ ಕೆಳದಂಡೆಯ ಊರುಗಳವರು ಬೇಗ ಮರೆಯಲಾರರು.

ಆದಕಾರಣ ಜಿಲ್ಲೆಯ ವಿದ್ಯಾವಂತರು ಮಾಡಬಹುದಾದ ಎರಡು ಕಾರ್ಯಗಳಿವೆ. ಹರಿಗೋಲನ್ನು ಹೆಣೆಯಬಲ್ಲ ವೃದ್ಧರು ಇನ್ನೂ ಇರುವಲ್ಲಿ ಅವರ ಬಳಿ ಕುಳಿತು, ದಬ್ಬೆಯ ಅಳತೆ, ಹೆಣಿಗೆಯ ಕ್ರಮ, ಒಂದೊಂದು ಭಾಗದ ಹೆಸರುಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳುವುದು ಮೊದಲನೆಯದು. ಜನರು ಇಂದಿಗೂ ತೆಪ್ಪದಲ್ಲಿ ದಾಟುವ ಕಡವುಗಳಲ್ಲಿ, ಮಳೆಗಾಲಕ್ಕೆ ಮುಂಚೆ ಪ್ರತಿಯೊಂದನ್ನೂ ಬೋರಲು ಹಾಕಿಸಿ ಪರೀಕ್ಷಿಸುವ ಏರ್ಪಾಡನ್ನು ಗ್ರಾಮಾಧಿಕಾರಿಗಳಿಂದ ಮಾಡಿಸುವುದು ಎರಡನೆಯದು. ಗುಡಿಯ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ವಂತಿಗೆಯನ್ನೆತ್ತುವ ಊರುಗಳಿಗೆ ಒಂದು ತೆಪ್ಪದ ಜೀರ್ಣೋದ್ಧಾರವು ಭಾರವಾಗಲಾರದು.